ಯಂತ್ರಗಳ ಹುಚ್ಚಿನ ಸುಲ್ತಾನ: ಟಿಪ್ಪುವಿನ ಬಾಣ, ಗಡಿಯಾರ, ಮರದ ಹುಲಿ

ಕೃಷ್ಣಗಿರಿ ಪೇಟೆಯ ನೆತ್ತಿಯ ಮೇಲೆ ನಿಂತಿರುವ ಸೈಯದ್ ಪಾಷಾ ಬೆಟ್ಟವನ್ನು ನೋಡದವರು ಈ ಭಾಗದಲ್ಲಿ ಯಾರಿದ್ದಾರೆ? ಆ ಬೆಟ್ಟದ ಮೇಲಿನ ಕೋಟೆ, ಇತ್ತ ಹೊಸೂರು, ರಾಯಕೋಟೆ, ಅತ್ತ ಕಾವೇರಿಪಟ್ಟಣ ಎಲ್ಲವೂ ಒಂದು ಕಾಲಕ್ಕೆ ಶ್ರೀರಂಗಪಟ್ಟಣದ ಮಾತು ಕೇಳುತ್ತಿದ್ದವು. ಆ ಕಾಲದ ದೊರೆ ಟಿಪ್ಪು ಸುಲ್ತಾನ್ ಎಂದರೆ ಕಣ್ಣೆದುರು ಬರುವುದು ಕತ್ತಿ, ಕುದುರೆ, ಯುದ್ಧ. ಹೊಗಳುವವರು ಮಾತಾಡುವುದೂ ಅದನ್ನೇ, ತೆಗಳುವವರು ಮಾತಾಡುವುದೂ ಅದನ್ನೇ.

ಆದರೆ ಈ ಮನುಷ್ಯನಿಗೆ ಇನ್ನೊಂದು ಹುಚ್ಚಿತ್ತು. ಯಂತ್ರಗಳ ಹುಚ್ಚು! ಹೊಸದಾಗಿ ಏನೇ ಕಂಡರೂ ಅದು ತನಗೆ ಬೇಕು, ಅದನ್ನು ತನ್ನ ಊರಿನಲ್ಲೇ ಮಾಡಿಸಬೇಕು, ಮಾಡಿಸಿದ ಮೇಲೆ ಅದಕ್ಕೊಂದು ಚೆಂದದ ರೂಪ ಕೊಡಬೇಕು. ಬಂದೂಕಿನ ಕೀಲಿಗೂ ಹುಲಿಯ ಮುಖ, ಫಿರಂಗಿಯ ಬಾಯಿಗೂ ಹುಲಿಯ ಮುಖ. ಇಂದಿನ ಹುಡುಗರು ಹೊಸ ಮೊಬೈಲ್ ಕೈಗೆ ಬಂದಾಗ ಅದರ ಗುಂಡಿಗಳನ್ನೆಲ್ಲ ಒತ್ತಿ ನೋಡುವಂಥ ಕುತೂಹಲ ಅವನದು. ಆ ಕುತೂಹಲದ ಕಡೆಯಿಂದ ಅವನ ಬದುಕನ್ನು ನೋಡಿದರೆ ಪಾಠಪುಸ್ತಕದಲ್ಲಿ ಸಿಗದ ಒಬ್ಬ ಮನುಷ್ಯ ಸಿಗುತ್ತಾನೆ.

ಅಜ್ಜನ ಕಾಲದಿಂದ ಬಂದ ಬಾಣ

ಟಿಪ್ಪು ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ. ತಂದೆ ಹೈದರ್ ಅಲಿ ಆಗ ಮೈಸೂರು ಒಡೆಯರ ಸೈನ್ಯದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತಿದ್ದ ಸರದಾರ. ತಾಯಿ ಫಕ್ರುನ್ನೀಸಾ. ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರನ್ನೇ ಮಗುವಿಗೆ ಇಟ್ಟರು. ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ. ಅದಕ್ಕೇ ಇರಬೇಕು, ಮಗನಿಗೆ ಚಿಕ್ಕಂದಿನಲ್ಲೇ ಗುರುಗಳನ್ನು ಗೊತ್ತುಮಾಡಿದ. ಹುಡುಗ ಫಾರಸಿ ಕಲಿತ, ಕನ್ನಡ ಬಲ್ಲ, ಗಾಜಿ ಖಾನ್ ಎಂಬ ಸರದಾರನ ಬಳಿ ಕುದುರೆ ಸವಾರಿ, ಶಸ್ತ್ರವಿದ್ಯೆ ಕಲಿತ.

ಈ ಮನೆತನಕ್ಕೂ ಬಾಣಕ್ಕೂ ಹಳೆಯ ನಂಟು. ಹೈದರನ ತಂದೆ ಫತೇ ಮಹಮ್ಮದ್ ಆರ್ಕಾಟಿನ ನವಾಬನ ಸೈನ್ಯದಲ್ಲಿ 50 ಮಂದಿ ಬಾಣದವರ ಮೇಲಿನ ಅಧಿಕಾರಿಯಾಗಿದ್ದವನು. ಇಲ್ಲಿ ಬಾಣ ಎಂದರೆ ಬಿಲ್ಲಿಗೆ ಹೂಡುವ ಬಾಣವಲ್ಲ. ಬೆಂಕಿ ಹಚ್ಚಿದರೆ ಸುಯ್ಯೆಂದು ಹಾರುವ ಬಾಣ, ಈಗಿನ ಮಾತಿನಲ್ಲಿ ರಾಕೆಟ್.

ಈ ಪದವನ್ನು ಗಡಿನಾಡಿನವರಿಗೆ ವಿವರಿಸಬೇಕಾಗಿಲ್ಲ. ಜಾತ್ರೆಯ ರಾತ್ರಿ ತೇರು ನಿಂತ ಮೇಲೆ ಹಾರಿಸುವ ಪಟಾಕಿಗೆ ಕನ್ನಡದಲ್ಲಿ ಬಾಣಬಿರುಸು ಎನ್ನುತ್ತೇವೆ. ಪಕ್ಕದ ಮನೆಯ ತೆಲುಗಿನವರು ಬಾಣಸಂಚಾ ಎನ್ನುತ್ತಾರೆ. ತಮಿಳಿನಲ್ಲಿ ಅದು ವಾಣವೇಡಿಕ್ಕೈ. ಮೂರರಲ್ಲೂ ಇರುವುದು ಅದೇ ಬಾಣ. ತಮಿಳಿನ ವೇಡಿಕ್ಕೈ ಎಂದರೆ ತಮಾಷೆ, ನೋಡಿ ಖುಷಿಪಡುವಂಥದ್ದು. ಅಂದರೆ ಯುದ್ಧಭೂಮಿಯಲ್ಲಿ ಇಂಗ್ಲಿಷರ ಎದೆ ನಡುಗಿಸಿದ ಆ ಆಯುಧ ಮತ್ತು ಮದುವೆ ಮೆರವಣಿಗೆಯಲ್ಲಿ ಮಕ್ಕಳು ಬಾಯಿಬಿಟ್ಟು ನೋಡುವ ಬಿರುಸು ಒಂದೇ ಮನೆಯ ಮಕ್ಕಳು.

ಬಾಣದ ಒಳಗೆ ಇದ್ದದ್ದೂ ಪಟಾಕಿಯ ಮದ್ದೇ. ಪೆಟ್ಲುಪ್ಪು, ಗಂಧಕ, ಇದ್ದಿಲು. ವ್ಯತ್ಯಾಸ ಇದ್ದದ್ದು ಕೊಳವೆಯಲ್ಲಿ. ಬೇರೆ ಕಡೆ ಕಾಗದವನ್ನೋ ಬಿದಿರನ್ನೋ ಕೊಳವೆಯಾಗಿ ಬಳಸುತ್ತಿದ್ದರು. ಮದ್ದು ಬಿಗಿಯಾಗಿ ತುಂಬಿದರೆ ಅದು ಸಿಡಿದು ಹೋಗುತ್ತಿತ್ತು. ಮೈಸೂರಿನವರು ಕಬ್ಬಿಣದ ಕೊಳವೆ ಮಾಡಿದರು. ಒಂದು ತುದಿ ಮುಚ್ಚಿ, ಇನ್ನೊಂದು ತುದಿಯಲ್ಲಿ ಸಣ್ಣ ತೂತು ಬಿಟ್ಟು, ಒಳಗೆ ಮದ್ದು ಗಟ್ಟಿಯಾಗಿ ತುಂಬಿ, ಕೊಳವೆಯನ್ನು ಉದ್ದನೆಯ ಬಿದಿರುಗಳಕ್ಕೆ ಇಲ್ಲವೇ ಕತ್ತಿಯ ಅಲಗಿಗೆ ತೊಗಲಿನ ಪಟ್ಟಿಯಿಂದ ಕಟ್ಟುತ್ತಿದ್ದರು. ಕಬ್ಬಿಣ ಒತ್ತಡ ತಡೆಯುತ್ತದೆ, ಹೊಗೆ ಸಣ್ಣ ತೂತಿನಿಂದ ಜೋರಾಗಿ ನುಗ್ಗುತ್ತದೆ, ಬಾಣ ದೂರ ಹೋಗುತ್ತದೆ. ಒಂದು ಕಿಲೋಮೀಟರಿಗೂ ಹೆಚ್ಚು ದೂರ! ಆ ದಿನಗಳಲ್ಲಿ ಯೂರೋಪಿನ ಯಾವ ಸೈನ್ಯದ ಬಳಿಯೂ ಇಂಥ ಬಾಣ ಇರಲಿಲ್ಲ.

ಕಬ್ಬಿಣದ ಕೆಲಸದಲ್ಲಿ ಈ ಸೀಮೆಯ ಕಮ್ಮಾರರು ಕಡಿಮೆಯವರೇನಲ್ಲ. ಇಂಗ್ಲಿಷಿನವರು ವೂಟ್ಸ್ ಎಂದು ಕರೆದು ಕೊಂಡಾಡಿದ ಲೋಹ ನಮ್ಮ ಉಕ್ಕು ಎಂಬ ಪದದಿಂದಲೇ ಆ ಹೆಸರು ಪಡೆದದ್ದು ಎಂದು ತಿಳಿದವರು ಹೇಳುತ್ತಾರೆ. ಕೊಳವೆಯ ತಗಡು ಬಡಿದ ಆ ಕಮ್ಮಾರರ ಹೆಸರುಗಳು ಮಾತ್ರ ಎಲ್ಲೂ ಬರೆದಿಲ್ಲ. ಸುಲ್ತಾನನ ಹೆಸರಿದೆ, ಸರದಾರರ ಹೆಸರಿದೆ, ಬಾಣ ತಾಗಿ ಸತ್ತ ಇಂಗ್ಲಿಷ್ ಅಧಿಕಾರಿಗಳ ಹೆಸರೂ ಇದೆ. ಬಡಿದವರದ್ದು ಇಲ್ಲ.

ಹೈದರನಿಗೂ ಇಂಗ್ಲಿಷರಿಗೂ ಮೊದಲ ಯುದ್ಧ ಹತ್ತಿಕೊಂಡದ್ದು 1767ರಲ್ಲಿ. ಅದು ನಡೆದದ್ದು ಹೆಚ್ಚಾಗಿ ಇದೇ ನೆಲದಲ್ಲಿ. ಕಾವೇರಿಪಟ್ಟಣ ಕೈ ಬದಲಾಯಿತು, 1768ರಲ್ಲಿ ಕೃಷ್ಣಗಿರಿ ಕೋಟೆ ಇಂಗ್ಲಿಷರ ವಶವಾಯಿತು, ಅದೇ ವರ್ಷ ಬಾಗಲೂರಿನಲ್ಲಿ ಕರ್ನಲ್ ವುಡ್ ತನ್ನ ಫಿರಂಗಿಗಳನ್ನೂ ಸಾಮಾನು ಸರಂಜಾಮನ್ನೂ ಹೈದರನಿಗೆ ಬಿಟ್ಟು ಓಡಬೇಕಾಯಿತು. ಹದಿನೇಳರ ಹುಡುಗ ಟಿಪ್ಪು ಕುದುರೆಪಡೆಯೊಂದಿಗೆ ಮದ್ರಾಸಿನ ಹೊರವಲಯದವರೆಗೂ ನುಗ್ಗಿ ಬಂದ. 1769ರಲ್ಲಿ ಮದ್ರಾಸಿನ ಬಾಗಿಲಲ್ಲೇ ರಾಜಿಯಾಯಿತು.

ಬಾಣ ನಿಜವಾಗಿ ಹೆಸರು ಮಾಡಿದ್ದು 1780ರ ಸೆಪ್ಟೆಂಬರ್ 10ರಂದು, ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ. ಕರ್ನಲ್ ಬೈಲಿಯ ಪಡೆ ಅಲ್ಲಿ ಪೂರ್ತಿ ನೆಲಕಚ್ಚಿತು. ಇಂಗ್ಲಿಷರ ಮದ್ದಿನ ಗಾಡಿಗಳು ಸ್ಫೋಟಗೊಂಡದ್ದೇ ಸೋಲಿಗೆ ಮುಖ್ಯ ಕಾರಣ. ಅದಕ್ಕೆ ಕಿಡಿ ತಾಗಿಸಿದ್ದು ಬಾಣ ಎಂದು ಕೆಲವರು, ಫಿರಂಗಿಯ ಗುಂಡು ಎಂದು ಕೆಲವರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಗೆ ಹೋದವರು ಗೋಡೆಯ ತುಂಬ ಬಿಡಿಸಿರುವ ಈ ಯುದ್ಧದ ಚಿತ್ರವನ್ನು ನೋಡಿರುತ್ತಾರೆ. ನಡುವೆ ಗಾಡಿ ಸಿಡಿಯುತ್ತಿದೆ, ಪಲ್ಲಕ್ಕಿಯಲ್ಲಿ ಕೂತ ಬೈಲಿ ಬೆರಳು ಕಚ್ಚುತ್ತಿದ್ದಾನೆ. ಯುದ್ಧದ ಚಿತ್ರವಾದರೂ ನೋಡಿದರೆ ನಗು ಬರುತ್ತದೆ. ಬರೆಸಿದವನಿಗೆ ಬೇಕಿದ್ದದ್ದೂ ಅದೇ ಇರಬಹುದು.

ಪಟ್ಟಕ್ಕೆ ಬಂದ ಮೇಲೆ

1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿಯ ದಂಡಿನಲ್ಲಿ ಹೈದರ್ ತೀರಿಕೊಂಡ. ಮಗ ಅಧಿಕಾರಕ್ಕೆ ಬಂದ. 1784ರ ಮಂಗಳೂರು ಒಪ್ಪಂದದೊಂದಿಗೆ ಎರಡನೆಯ ಯುದ್ಧ ಮುಗಿಯಿತು. ಮುಂದಿನ ಆರು ವರ್ಷ ಟಿಪ್ಪುವಿನ ಮನಸ್ಸು ಹೊಸತನದ ಕಡೆ ಓಡಿದ ವರ್ಷಗಳು.

ಅದೇ ವರ್ಷಗಳಲ್ಲಿ ಕೊಡಗು, ಮಲಬಾರು, ಮಂಗಳೂರಿನ ಕ್ರೈಸ್ತರ ಮೇಲೆ ಅವನು ನಡೆಸಿದ ಕಠೋರ ಕ್ರಮಗಳ ನೆನಪು ಆ ಜನರಲ್ಲಿ ಇಂದಿಗೂ ಆರಿಲ್ಲ. ಅದನ್ನು ಮರೆತು ಅವನ ಬದುಕು ಹೇಳಿದರೆ ಅರ್ಧ ಹೇಳಿದಂತೆ. ಗಡಿಯಾರದ ಮುಳ್ಳು ನೋಡಿ ಮಗುವಿನಂತೆ ಬೆರಗಾದವನೂ ಊರಿಗೆ ಊರನ್ನೇ ಕಿತ್ತು ಶ್ರೀರಂಗಪಟ್ಟಣಕ್ಕೆ ನಡೆಸಿದವನೂ ಒಬ್ಬನೇ.

1786ರಲ್ಲಿ ತುರ್ಕಿಯ ಸುಲ್ತಾನನ ಬಳಿಗೆ ದೊಡ್ಡ ನಿಯೋಗವನ್ನು ಹಡಗಿನಲ್ಲಿ ಕಳಿಸಿದ. ರಾಜಕೀಯದ ಬೇಡಿಕೆಗಳ ಜೊತೆ ಇನ್ನೊಂದು ಪಟ್ಟಿಯೂ ಇತ್ತು. ಬಂದೂಕು ಮಾಡುವವರು, ಗಾಜು ಮಾಡುವವರು, ಪಿಂಗಾಣಿ ಮಾಡುವವರು, ಗಡಿಯಾರ ಮಾಡುವವರು ಸಿಕ್ಕರೆ ಕರೆದುಕೊಂಡು ಬನ್ನಿ ಎಂಬುದು ಅದರ ಸಾರ. ಹಡಗಿನ ಅವಘಡ, ಪ್ಲೇಗು ಎಂದು ಹೋದವರಲ್ಲಿ ಬಹುಪಾಲು ಜನ ದಾರಿಯಲ್ಲೇ ಸತ್ತರು. ಟಿಪ್ಪು ಬಿಡಲಿಲ್ಲ. 1787ರಲ್ಲಿ ಫ್ರಾನ್ಸಿಗೆ ಮೂವರು ರಾಯಭಾರಿಗಳನ್ನು ಕಳಿಸಿದ. 1788ರ ಆಗಸ್ಟಿನಲ್ಲಿ ಅವರು ವರ್ಸೈ ಅರಮನೆಯಲ್ಲಿ ದೊರೆ ಹದಿನಾರನೆಯ ಲೂಯಿಯನ್ನು ಕಂಡರು. ಪ್ಯಾರಿಸಿನ ಜನ ಮೈಸೂರಿನವರ ಉಡುಪು ನೋಡಲು ಮುಗಿಬಿದ್ದರಂತೆ. ಸೈನ್ಯ ಕೊಡಲು ಲೂಯಿ ಒಪ್ಪಲಿಲ್ಲ. ಕುಶಲಕರ್ಮಿಗಳನ್ನೂ ಹೂಗಿಡಗಳ ಬೀಜಗಳನ್ನೂ ಪಿಂಗಾಣಿ ಪಾತ್ರೆಗಳನ್ನೂ ಕೊಟ್ಟು ಕಳಿಸಿದ. ಮರುವರ್ಷವೇ ಅಲ್ಲಿ ಕ್ರಾಂತಿಯಾಗಿ, ಆಮೇಲೆ ಆ ದೊರೆಯ ತಲೆಯೇ ಹೋಯಿತು.

ಸೈನ್ಯ ಕೇಳಿದ್ದಕ್ಕೆ ಕಸುಬುದಾರರು ಬಂದರು! ಟಿಪ್ಪುವಿಗೆ ನಿರಾಸೆಯಾಗಿರಬೇಕು. ಆದರೂ ಅವರನ್ನು ಶ್ರೀರಂಗಪಟ್ಟಣದ ಕಾರ್ಖಾನೆಗಳಿಗೆ ಹಚ್ಚಿದ.

ಪುದುಚೇರಿಯ ಫ್ರೆಂಚ್ ಅಧಿಕಾರಿಗೆ ಅವನು ಬರೆಸಿದ ಪತ್ರವೊಂದು ಇನ್ನೂ ಸ್ವಾರಸ್ಯದ್ದು. ಅವರು ಕಳಿಸಿದ್ದ ಹವಾಮಾಪಕದ ಪಾದರಸ ಹಳೆಯದಾಗಿ ಏರದೆ ಇಳಿಯದೆ ಸುಮ್ಮನೆ ನಿಂತುಬಿಟ್ಟಿತ್ತು. ಅದನ್ನು ಬದಲಿಸಿ ಹೊಸದೊಂದು ಕಳಿಸಿ ಎಂದು ಸುಲ್ತಾನ ಕೇಳಿಕೊಂಡ. ಕೆಟ್ಟ ಮಿಕ್ಸಿಯನ್ನು ಅಂಗಡಿಗೆ ವಾಪಸ್ ಒಯ್ಯುವ ಗಿರಾಕಿಯ ಹಾಗೆ!

ಅವನ ಕೈ ಆಡದ ವಿಷಯವಿಲ್ಲ. ಮೌಲೂದಿ ಎಂಬ ಹೊಸ ಪಂಚಾಂಗವನ್ನೇ ತಂದ. ಹೆಸರುಗಳು ಅರಬ್ಬಿ, ಲೆಕ್ಕ ಮಾತ್ರ ನಮ್ಮ ಯುಗಾದಿಯದ್ದು. ಅರವತ್ತು ಸಂವತ್ಸರಗಳ ಸುತ್ತು, ನಡುವೆ ಅಧಿಕಮಾಸ. ಈ ಪಂಚಾಂಗದ ಇಸವಿಯನ್ನು ನಾಣ್ಯಗಳ ಮೇಲೆ ಬಲದಿಂದ ಎಡಕ್ಕೆ ಬರೆಸಿದ. ಅಂಕಿಯನ್ನು ತಿರುಗಾಮುರುಗಾ ಓದಬೇಕು. ನಾಣ್ಯ ಸಂಗ್ರಹ ಮಾಡುವವರು ಇಂದಿಗೂ ಹೊಸಬರನ್ನು ಇದರಲ್ಲಿ ಏಮಾರಿಸಿ ನಗುತ್ತಾರೆ.

ಅವನ ತಾಮ್ರದ ಕಾಸುಗಳ ಮೇಲೆ ಆನೆ ಇದೆ. ಆ ಕಾಸುಗಳಿಗೆ ಇಟ್ಟ ಹೆಸರು ಕೇಳಿದರೆ ಇವನು ದೊರೆಯೋ ಕವಿಯೋ ಎನಿಸುತ್ತದೆ. ಒಂದು ಜೊಹರಾ, ಅಂದರೆ ಶುಕ್ರ. ಒಂದು ಬಹರಾಮ್, ಅಂದರೆ ಮಂಗಳ. ಒಂದು ಅಖ್ತರ್, ನಕ್ಷತ್ರ. ತೀರಾ ಸಣ್ಣದು ಕುತುಬ್, ಧ್ರುವತಾರೆ. ಸಂತೆಯಲ್ಲಿ ಉಪ್ಪು ಮೆಣಸು ಕೊಳ್ಳುವ ಚಿಲ್ಲರೆಗೆ ಆಕಾಶದ ಹೆಸರು!

ಬಾಣಗಳನ್ನು ಮಾಡುವ, ಹಾರಿಸಿ ನೋಡುವ ಕಾರ್ಖಾನೆಗಳಿಗೂ ಅಂಥದ್ದೇ ಹೆಸರು, ತಾರಾಮಂಡಲ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ಬಿದನೂರು ನಗರಗಳಲ್ಲಿ ಇವು ಇದ್ದವು. ಬೆಂಗಳೂರಿನ ಹಳೆಯ ಪೇಟೆಯಲ್ಲಿ ತಾರಾಮಂಡಲಪೇಟೆ ಎಂಬ ಹೆಸರು ಉಳಿದು ಬಂದಿದೆ. ಹೊಸೂರಿನಿಂದ ಬೆಂಗಳೂರಿಗೆ ಸರಕು ತರಲು ಹೋಗುವ ವ್ಯಾಪಾರಿಗಳು ಆ ಬೀದಿಯಲ್ಲಿ ಎಷ್ಟೋ ಸಲ ನಡೆದಿರುತ್ತಾರೆ. ಸೈನ್ಯದ ಪ್ರತಿ ಕುಶೂನ್ ಎಂಬ ದಳಕ್ಕೂ 200 ಮಂದಿ ಬಾಣದವರನ್ನು ಸೇರಿಸಿದ. ಗುರಿಗೆ ತಕ್ಕಂತೆ ಬಾಣವನ್ನು ಎಷ್ಟು ಓರೆಯಾಗಿಡಬೇಕು ಎಂದು ಲೆಕ್ಕ ಹಾಕಲು ಅವರಿಗೆ ಕಲಿಸುತ್ತಿದ್ದರು. ಜಾತ್ರೆಯ ಬಿರುಸಿಗೆ ಈ ಲೆಕ್ಕ ಬೇಕಿರಲಿಲ್ಲ.

ಇನ್ನೊಂದು ವಿಷಯ. ಬಂಗಾಳದಿಂದ, ಮಸ್ಕತ್ತಿನಿಂದ ರೇಷ್ಮೆ ಹುಳು ತರಿಸಿ, ರಾಜ್ಯದ 21 ಕಡೆ ಸಾಕಲು ಅಪ್ಪಣೆ ಮಾಡಿದ್ದೂ ಈ ಕಾಲದಲ್ಲೇ. ಹಿಪ್ಪುನೇರಳೆ ಸೊಪ್ಪು ಕೊಯ್ದು, ಚಂದ್ರಿಕೆಗೆ ಹುಳು ಬಿಡುವ ಡೆಂಕಣಿಕೋಟೆ, ಕೆಲಮಂಗಲ, ಶೂಲಗಿರಿ ಕಡೆಯ ರೈತರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಅವನ ಪಂಚಾಂಗ ಅವನೊಂದಿಗೆ ಹೋಯಿತು, ನಾಣ್ಯ ಹೋಯಿತು, ಇಟ್ಟ ಊರ ಹೆಸರುಗಳೆಲ್ಲ ಹೋದವು. ಹುಳು ಉಳಿಯಿತು. ರೈತನ ಕೈಗೆ ಹೋದದ್ದು ಉಳಿಯುತ್ತದೆ, ಅರಮನೆಯ ಕಾರ್ಖಾನೆಯಲ್ಲೇ ಇದ್ದದ್ದು ಅರಮನೆಯ ಜೊತೆ ಹೋಗುತ್ತದೆ. ಟಿಪ್ಪುವಿಗೆ ತಾಳ್ಮೆ ಕಡಿಮೆ. ಒಂದು ಕೆಲಸ ಬೇರು ಬಿಡುವ ಮೊದಲೇ ಇನ್ನೊಂದಕ್ಕೆ ಕೈ ಹಾಕುತ್ತಿದ್ದ. ಹೆಸರು ಬದಲಿಸಿದರೆ ವಸ್ತುವೂ ಬದಲಾಗುತ್ತದೆ ಎಂದು ನಂಬಿದಂತಿದ್ದ.

ಚನ್ನಪಟ್ಟಣದ ಗೊಂಬೆಗಳ ಮಾತು ಇಲ್ಲಿ ಬಂದೇ ಬರುತ್ತದೆ. ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಏರಿಸಿ ಮಾಡುವ ಈ ಕಲೆಗೆ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದವನು ಟಿಪ್ಪು ಎಂಬುದು ಅಲ್ಲಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತು. ದಾಖಲೆ ಕೇಳುವವರು ಕೇಳಲಿ. ಈ ಭಾಗದ ಮಕ್ಕಳು ಆಡಿಸಿದ ಬುಗುರಿ, ಹೆಜ್ಜೆ ಕಲಿಯಲು ತಳ್ಳಿದ ಮೂರು ಗಾಲಿಯ ಗಾಡಿ ಬಂದದ್ದು ಅಲ್ಲಿಂದಲೇ.

ಕೃಷ್ಣಗಿರಿ ಕೈತಪ್ಪಿತು

1790ರಲ್ಲಿ ಮೂರನೆಯ ಯುದ್ಧ. ಈ ಸಲ ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಒಟ್ಟು. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಜುಲೈನಲ್ಲಿ ಹೊಸೂರು ಹೋಯಿತು, ಅದರ ಬೆನ್ನಿಗೇ ರಾಯಕೋಟೆ. ನವೆಂಬರಿನಲ್ಲಿ ಕರ್ನಲ್ ಮ್ಯಾಕ್ಸ್‌ವೆಲ್ ಕೃಷ್ಣಗಿರಿಗೆ ಬಂದ. ರಾತ್ರಿ ಪೇಟೆ ಹಿಡಿದು ಬೆಟ್ಟ ಹತ್ತಲು ನೋಡಿದ. ಮೇಲಿನಿಂದ ಕಲ್ಲುಗಳು ಉರುಳಿ ಬಂದವು. ಎಷ್ಟು ಹೊತ್ತು ಹೆಣಗಿದರೂ ಮೇಲಿನ ಕೋಟೆ ಬಗ್ಗಲಿಲ್ಲ. ಕೊನೆಗೆ ಪೇಟೆಗೆ ಬೆಂಕಿಯಿಟ್ಟು ಹಿಂತಿರುಗಿದ. ಆ ಬೆಟ್ಟವನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಯುದ್ಧದಲ್ಲಿ ಬಗ್ಗದ ಕೋಟೆ ಕಾಗದದ ಮೇಲೆ ಹೋಯಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ, ಅದಕ್ಕೆ ಇಬ್ಬರು ಎಳೆಯ ಗಂಡುಮಕ್ಕಳನ್ನು ಒತ್ತೆಯಿಟ್ಟ. ಬಾರಾಮಹಲ್ ಪೂರ್ತಿ ಕಂಪನಿಗೆ ಸೇರಿತು. ಹೊಸೂರು ಕಡೆಯ ಮೇಲ್ನಾಡು ಮಾತ್ರ ಟಿಪ್ಪುವಿಗೇ ಉಳಿಯಿತು. ಅಂದರೆ 1799ರವರೆಗೆ ಏಳು ವರ್ಷ, ಇಂದು ಒಂದೇ ಜಿಲ್ಲೆಯಾಗಿರುವ ಕೃಷ್ಣಗಿರಿಗೂ ಹೊಸೂರಿಗೂ ನಡುವೆ ಎರಡು ರಾಜ್ಯಗಳ ಗಡಿ ಇತ್ತು. ಗಡಿ ಎಂದರೆ ಏನೆಂದು ಈ ಜನರಿಗೆ 1956ರಲ್ಲಿ ಹೊಸದಾಗಿ ಗೊತ್ತಾದದ್ದಲ್ಲ!

ಕೈಹಿಡಿಕೆ ತಿರುವಿದರೆ ಗರ್ಜಿಸುವ ಹುಲಿ

ಮಕ್ಕಳಿಬ್ಬರೂ ಮದ್ರಾಸಿನಲ್ಲಿ ಒತ್ತೆಯಾಳುಗಳು. ಅವರು ವಾಪಸ್ ಬಂದದ್ದು 1794ರಲ್ಲಿ. ಬೊಕ್ಕಸ ಬರಿದು. ಈ ಸಂಕಟದ ವರ್ಷಗಳಲ್ಲೇ ಶ್ರೀರಂಗಪಟ್ಟಣದ ಅರಮನೆಗೆ ವಿಚಿತ್ರವಾದ ಆಟಿಕೆಯೊಂದು ಬಂತು ಎಂದು ವಿದ್ವಾಂಸರ ಅಂದಾಜು.

ಮರದ ಹುಲಿ. ಉದ್ದ 178 ಸೆಂಟಿಮೀಟರ್, ಎತ್ತರ 71 ಸೆಂಟಿಮೀಟರ್. ಅದರ ಕೆಳಗೆ ಅಂಗಾತ ಬಿದ್ದ, ಟೋಪಿ ಹಾಕಿದ ಒಬ್ಬ ಬಿಳಿಯ. ಹುಲಿ ಅವನ ಕತ್ತಿಗೆ ಬಾಯಿ ಹಾಕಿದೆ. ಹುಲಿಯ ಮೈಯ ಪಕ್ಕದಲ್ಲಿ ಒಂದು ಹಿಡಿಕೆ. ಅದನ್ನು ತಿರುವಿದರೆ ಹೊಟ್ಟೆಯೊಳಗಿನ ತಿದಿಗಳು ಉಸಿರಾಡುತ್ತವೆ, ಕಮ್ಮಾರನ ಕುಲುಮೆಯ ತಿದಿಯ ಹಾಗೆಯೇ. ಗಾಳಿ ಒಂದು ಕೊಳವೆಯಲ್ಲಿ ಹೋಗಿ ಬಿದ್ದವನ ಗಂಟಲಿನಿಂದ ನರಳುವ ಸದ್ದು ಹೊರಡಿಸುತ್ತದೆ. ಅವನ ಎಡಗೈ ಬೇಡಿಕೊಳ್ಳುವಂತೆ ಮೇಲೆ ಕೆಳಗೆ ಆಡುತ್ತದೆ. ನಡುನಡುವೆ ಹುಲಿಯ ತಲೆಯೊಳಗಿನ ಇನ್ನೊಂದು ತಿದಿ ಗುರ್ರೆನ್ನುತ್ತದೆ. ಇಷ್ಟೇ ಅಲ್ಲ. ಹುಲಿಯ ಪಕ್ಕೆಯ ಮುಚ್ಚಳ ತೆಗೆದರೆ ಒಳಗೆ ದಂತದ 18 ಮನೆಗಳಿರುವ ವಾದ್ಯ! ಹಾರ್ಮೋನಿಯಂ ನುಡಿಸಿದ ಹಾಗೆ ಅದರಲ್ಲಿ ರಾಗ ನುಡಿಸಬಹುದು.

ಒಬ್ಬ ನರಳುತ್ತಿರುವಾಗ ಇನ್ನೊಬ್ಬ ಅದರ ಮೇಲೆ ಸಂಗೀತ ನುಡಿಸುವುದು! ಕ್ರೂರವೇ ಸರಿ. ಆದರೆ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಕೊಟ್ಟು ಕೂತವನ ಸ್ಥಿತಿ ನೆನೆದರೆ ಆ ಆಟದ ಅರ್ಥ ಬೇರೆಯಾಗಿ ಕಾಣುತ್ತದೆ. ಯುದ್ಧಭೂಮಿಯಲ್ಲಿ ಆಗದ್ದು ಕೋಣೆಯೊಳಗೆ ಹಿಡಿಕೆ ತಿರುವಿದಾಗಲೆಲ್ಲ ಆಗುತ್ತಿತ್ತು. 1792ರ ಡಿಸೆಂಬರಿನಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಒಬ್ಬ ಇಂಗ್ಲಿಷ್ ಯುವಕನನ್ನು ಹುಲಿ ಹೊತ್ತೊಯ್ದಿತ್ತು. ಅವನು ಸರ್ ಹೆಕ್ಟರ್ ಮನ್ರೋನ ಮಗ, 1781ರಲ್ಲಿ ಹೈದರನನ್ನು ಪೋರ್ಟೊನೊವೊದಲ್ಲಿ ಸೋಲಿಸಿದ ಸೇನಾಪತಿಗಳಲ್ಲಿ ಒಬ್ಬನಾದ ಮನ್ರೋ. ಆ ಸುದ್ದಿಯೇ ಗೊಂಬೆಗೆ ಸ್ಫೂರ್ತಿ ಎನ್ನುವವರುಂಟು.

ಹುಲಿಯ ಮೈ ಕೆತ್ತಿದ, ಬಣ್ಣ ಬಳಿದ ಕೈ ಇಲ್ಲಿಯದ್ದೇ, ಒಳಗಿನ ವಾದ್ಯದಲ್ಲಿ ಫ್ರೆಂಚರ ಕೈಯಿರಬಹುದು ಎಂಬುದು ಪರೀಕ್ಷೆ ಮಾಡಿದವರ ಊಹೆ. ಇಲ್ಲಿನ ಬಡಗಿ, ಅಲ್ಲಿನ ಯಂತ್ರಗಾರ ಒಂದೇ ಮರದ ಹೊಟ್ಟೆಯೊಳಗೆ ತಲೆಹಾಕಿ ಕೆಲಸ ಮಾಡಿರಬೇಕು. ಯಾವ ಭಾಷೆಯಲ್ಲಿ ಮಾತಾಡಿಕೊಂಡರೋ! ಈ ಹುಲಿಯ ಮೇಲೂ ಮಾಡಿದವರ ಹೆಸರಿಲ್ಲ.

ಕೊನೆಯ ದಾರಿ ಕೆಲಮಂಗಲದ ಮೇಲೆ

1799ರ ಮಾರ್ಚಿನಲ್ಲಿ ಜನರಲ್ ಹ್ಯಾರಿಸ್ ದೊಡ್ಡ ಸೈನ್ಯದೊಂದಿಗೆ ವೆಲ್ಲೂರಿನಿಂದ ಹೊರಟು ರಾಯಕೋಟೆ ದಾಟಿ ಟಿಪ್ಪುವಿನ ಸೀಮೆಗೆ ಕಾಲಿಟ್ಟ. ಕೆಲಮಂಗಲದ ಮೇಲೆ ಆ ಸೈನ್ಯ ಹಾದುಹೋಯಿತು. ಸಾವಿರ ಸಾವಿರ ಎತ್ತುಗಳು, ಬಂಡಿಗಳು. ಸುತ್ತಲ ಹಳ್ಳಿಗಳ ಮೇವು ಏನಾಗಿರಬೇಕು ಎಂದು ಯೋಚಿಸಬಹುದು.

ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹತ್ತಿರದ ಸುಲ್ತಾನ್‌ಪೇಟೆ ತೋಪಿನಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪಡೆಯ ಮೇಲೆ ಕತ್ತಲಲ್ಲಿ ಬಾಣಗಳ ಮಳೆ ಸುರಿಯಿತು. ಪಡೆ ಚೆಲ್ಲಾಪಿಲ್ಲಿಯಾಗಿ ಹಿಂತಿರುಗಿತು. 1815ರಲ್ಲಿ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಇದೇ ಮನುಷ್ಯ. ಆದರೆ ಒಂದು ರಾತ್ರಿಯ ಗೆಲುವಿನಿಂದ ಕೋಟೆ ಉಳಿಯುವುದುಂಟೆ? ಮೇ 4ರ ಮಧ್ಯಾಹ್ನ ಗೋಡೆ ಒಡೆದಲ್ಲಿಂದ ಇಂಗ್ಲಿಷರು ಒಳನುಗ್ಗಿದರು. ಟಿಪ್ಪು ಕೋಟೆಬಾಗಿಲ ಬಳಿ ಕಾದಾಡುತ್ತಲೇ ಸತ್ತ. ಹೆಣಗಳ ರಾಶಿಯೊಳಗಿನಿಂದ ಅವನ ದೇಹ ಹುಡುಕಿ ತೆಗೆದರು. ಮರುದಿನ ತಂದೆಯ ಪಕ್ಕದಲ್ಲಿ, ಗುಂಬಜ್‌ನಲ್ಲಿ ಮಣ್ಣು ಮಾಡಿದರು. ವಯಸ್ಸು ಐವತ್ತೂ ತುಂಬಿರಲಿಲ್ಲ.

ಆಮೇಲೆ ನಡೆದದ್ದು ಲೂಟಿ. ಚಿನ್ನದ ಸಿಂಹಾಸನವನ್ನು ತುಂಡು ಮಾಡಿ ಹಂಚಿಕೊಂಡರು. ಅರಮನೆಯಲ್ಲಿ ಸಾಕಿದ್ದ ನಿಜವಾದ ಹುಲಿಗಳಿಗೆ ಮಾಂಸ ಹಾಕುವವರಿಲ್ಲದೆ ಅವು ಹಸಿದು ರೇಗತೊಡಗಿದ್ದವು. ವೆಲ್ಲೆಸ್ಲಿ ಅವನ್ನು ಗುಂಡಿಕ್ಕಿ ಕೊಲ್ಲಿಸಿದ. ಸಂಗೀತದ ಕೋಣೆಯಾದ ರಾಗ್ ಮಹಲಿನಲ್ಲಿ ಸಿಕ್ಕ ಮರದ ಹುಲಿಯನ್ನು ಮಾತ್ರ ಜೋಪಾನವಾಗಿ ಕಟ್ಟಿ ಲಂಡನ್ನಿಗೆ ಕಳಿಸಿದರು.

1808ರಿಂದ ಅದು ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ಜನರ ನೋಟಕ್ಕೆ ಸಿಕ್ಕಿತು. ಇಂಗ್ಲಿಷರನ್ನು ಅಣಕಿಸಲು ಮಾಡಿಸಿದ ಆಟಿಕೆ ಇಂಗ್ಲಿಷರದ್ದೇ ಮೆಚ್ಚಿನ ಆಟಿಕೆಯಾಯಿತು! ಬಂದ ಬಂದವರೆಲ್ಲ ಹಿಡಿಕೆ ತಿರುವುವವರೇ. ಪಕ್ಕದ ಗ್ರಂಥಾಲಯದಲ್ಲಿ ಓದುತ್ತಾ ಕೂತವರು ಇದರ ಗರ್ಜನೆಯಿಂದ ಬೇಸತ್ತು ಪತ್ರಿಕೆಗಳಲ್ಲಿ ದೂರಿಕೊಂಡರು. ಕವಿ ಕೀಟ್ಸ್ ತನ್ನ ಕವನವೊಂದರಲ್ಲಿ ಇದನ್ನು ತಂದ. 1880ರಲ್ಲಿ ಹುಲಿ ಈಗಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಸೇರಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೇಲಿನ ಚಾವಣಿ ಕುಸಿದು ಅದು ಚೂರುಚೂರಾಯಿತು. ಚೂರುಗಳನ್ನು ಜೋಡಿಸಿ ಮತ್ತೆ ನಿಲ್ಲಿಸಿದ್ದಾರೆ. ಈಗ ಗಾಜಿನ ಪೆಟ್ಟಿಗೆಯೊಳಗಿದೆ, ಯಾರೂ ಹಿಡಿಕೆ ಮುಟ್ಟುವಂತಿಲ್ಲ.

ಬಾಣಗಳ ಕಥೆ ಇನ್ನೂ ದೂರ ಹೋಯಿತು. ಕೋಟೆಯಲ್ಲಿ ಹಾರಿಸಲು ಸಿದ್ಧವಾಗಿದ್ದ 700 ಬಾಣಗಳೂ ಮದ್ದು ತುಂಬದ 9000 ಕೊಳವೆಗಳೂ ಸಿಕ್ಕವು ಎಂದು ಲೆಕ್ಕ. ಕೆಲವನ್ನು ಇಂಗ್ಲೆಂಡಿಗೆ ಒಯ್ದರು. ಅಲ್ಲಿನ ವೂಲ್ವಿಚ್ ಶಸ್ತ್ರಾಗಾರದಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತ 1804ರ ಹೊತ್ತಿಗೆ ಬಾಣಗಳ ಪ್ರಯೋಗಕ್ಕೆ ಇಳಿದ. ಅಳತೆ ಮಾಡಿ, ತೂಕ ಮಾಡಿ, ಪ್ರತಿ ಪ್ರಯೋಗವನ್ನೂ ಬರೆದಿಟ್ಟು ಹೊಸ ರಾಕೆಟ್ ತಯಾರಿಸಿದ. 1807ರಲ್ಲಿ ಕೋಪನ್‌ಹೇಗನ್ ನಗರ ಅದರಿಂದ ಉರಿಯಿತು. 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಬಿದ್ದ ಅದೇ ರಾಕೆಟ್ಟುಗಳ ನೆನಪು ಆ ದೇಶದ ರಾಷ್ಟ್ರಗೀತೆಯಲ್ಲಿ ಸೇರಿಕೊಂಡಿದೆ. ಆ ರಾಕೆಟ್ಟಿಗೆ ಕಾಂಗ್ರೀವ್ ರಾಕೆಟ್ ಎಂದೇ ಹೆಸರು. ಕೆಲಸ ಬರೆದಿಟ್ಟವನ ಹೆಸರು ನಿಂತಿತು, ಬಡಿದವರದ್ದು ನಿಲ್ಲಲಿಲ್ಲ.

ರಾಮೇಶ್ವರದ ಅಬ್ದುಲ್ ಕಲಾಂ 1960ರ ದಶಕದಲ್ಲಿ ತರಬೇತಿಗೆಂದು ಅಮೆರಿಕಕ್ಕೆ ಹೋದಾಗ, ವಾಲಪ್ಸ್ ದ್ವೀಪದ ರಾಕೆಟ್ ಕೇಂದ್ರದ ಗೋಡೆಯ ಮೇಲೆ ಟಿಪ್ಪುವಿನ ಸೈನಿಕರು ಬಾಣ ಹಾರಿಸುವ ಚಿತ್ರ ಕಂಡು ಅಚ್ಚರಿಪಟ್ಟದ್ದನ್ನು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ 1985ರಲ್ಲಿ ಮೈಸೂರಿನ ಬಾಣಗಳ ಮೇಲೆ ದೀರ್ಘ ಪ್ರಬಂಧ ಬರೆದರು. ಇಲ್ಲಿ ಹುಟ್ಟಿದ ವಿದ್ಯೆ ಇಲ್ಲಿ ಯಾಕೆ ಬೆಳೆಯಲಿಲ್ಲ ಎಂಬ ಪ್ರಶ್ನೆ ಅವರನ್ನು ಕಾಡಿತ್ತು.

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನ ಬಿದನೂರು ನಗರ ಟಿಪ್ಪುವಿನ ತಾರಾಮಂಡಲಗಳಿದ್ದ ಊರುಗಳಲ್ಲಿ ಒಂದು. ಅಲ್ಲಿನ ಹಾಳು ಬಾವಿಯೊಂದರಲ್ಲಿ 2002ರಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕಿದ್ದವು. ಅವು ಏನೆಂದು ಆಗ ಯಾರಿಗೂ ಸರಿಯಾಗಿ ಹೊಳೆದಿರಲಿಲ್ಲ. ಬಾವಿಯ ಕೆಸರಿನಲ್ಲಿ ಮದ್ದಿನ ವಾಸನೆ ಇತ್ತು. 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ಅದನ್ನು ಮತ್ತೆ ಅಗೆದಾಗ 1000ಕ್ಕೂ ಹೆಚ್ಚು ಬಾಣಗಳು ಒಂದರ ಮೇಲೊಂದು ಪೇರಿಸಿಟ್ಟಂತೆ ಹೊರಬಂದವು. ಕೆಲವದರೊಳಗೆ ಮದ್ದು ಇನ್ನೂ ಹಾಗೇ ಗಟ್ಟಿಕಟ್ಟಿಕೊಂಡು ಕೂತಿತ್ತು.